ಮನೆಯೊಳಗಿನ ಹಿಂಸೆಯೂ ಮಕ್ಕಳ ಬಾಳೂ

ಮನೆಯು ಮಗುವಿನ ಮೊದಲನೆಯ ಪಾಠಶಾಲೆಯೆಂದೂ ತಾಯಿಯು ಅದರ ಮೊದಲನೆಯ ಗುರುವೆಂದೂ ಹೇಳುವ ಮಾತು ನಮ್ಮಲ್ಲಿ ಬಹಳ ಬಳಕೆಯದು. ಶಾಲೆಗಳ ವಾರ್ಷಿಕೋತ್ಸವಗಳಲ್ಲಿ ಈ ಮಾತನ್ನಾಡದ ಅಧ್ಯಕ್ಷರಿಲ್ಲ. ಇದನ್ನು ಬರೆಯದ ವಿದ್ಯಾರ್ಥಿನಿಯೂ ಇಲ್ಲ. ಮಾತು ಸತ್ಯವಾದುದೇ ಸರಿ. ಆದರೆ ಪ್ರೀತಿಯೂ ಶಾಂತಿಯೂ ನೆಲೆಸಿರುವ ಮನೆಯು ಮಗುವಿಗೆ ಒಳ್ಳೆಯ ಪಾಠಗಳನ್ನು ಕಲಿಸುವುದು ಎಷ್ಟು ನಿಜವೋ, ಹೊಡೆತ ಬೈಗುಳಗಳಿಂದ ತುಂಬಿರುವ ಮನೆಯು ತನ್ನ ಪಾಠಗಳನ್ನು ತಪ್ಪದೆ ಕಲಿಸುವುದೂ ಅಷ್ಟೇ ನಿಜ. ಮೊದಲನೆಯ ಗುರುವಾದ ತಾಯಿಯು ಮಗುವಿನ ಕಣ್ಣೆದುರಿಗೇ ಪೆಟ್ಟು ತಿನ್ನುವಾಗ ಆ ಮಗು ಕಲಿಯುವ ಪಾಠವು ಯಾವುದು? ಈ ಪ್ರಶ್ನೆಯನ್ನು ವಾರ್ಷಿಕೋತ್ಸವಗಳಲ್ಲಿ ಯಾರೂ ಕೇಳುವುದಿಲ್ಲ. ಬಾಲಿಕೆಯರ ಶಾಲೆಯೊಂದರ ಸ್ಮರಣ ಸಂಚಿಕೆಯಲ್ಲಿ ಅದನ್ನು ಕೇಳುವುದು ಅನುಚಿತವಾಗಲಾರದೆಂದು ನಂಬಿ ಈ ನಾಲ್ಕು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

ಈ ವಿಷಯಕ್ಕೆ ಸಂಬಂಧಪಟ್ಟ ಗಾದೆಗಳು ನಮ್ಮ ಜನರ ಬಾಯಲ್ಲಿ ಎರಡುಂಟು. “ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ” ಎಂಬುದು ಒಂದು. “ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು” ಎಂಬುದು ಇನ್ನೊಂದು. ಮೊದಲನೆಯದನ್ನು ನೆರೆಹೊರೆಯವರು ತಮ್ಮ ಬಾಗಿಲು ಮುಚ್ಚಿಕೊಳ್ಳುವುದಕ್ಕೂ, ಹಿರಿಯರು ಅಳುತ್ತ ತವರಿಗೆ ಬಂದ ಮಗಳನ್ನು ಸಮಾಧಾನಪಡಿಸಿ ಹಿಂದಕ್ಕೆ ಕಳುಹಿಸುವುದಕ್ಕೂ ಉಪಯೋಗಿಸುತ್ತಾರೆ. ಎರಡನೆಯದನ್ನು, ಇಬ್ಬರು ದೊಡ್ಡವರ ಹಟದಲ್ಲಿ ಮೂರನೆಯವನೊಬ್ಬನು ನಷ್ಟಪಟ್ಟಾಗ, ನಗೆಮಾತಾಗಿ ಆಡಿಬಿಡುತ್ತಾರೆ. ಅದರ ಅಕ್ಷರಾರ್ಥವನ್ನು ಯೋಚಿಸುವವರು ವಿರಳ. ಆದರೆ ಆ ಗಾದೆಯನ್ನು ಕಟ್ಟಿದ ಹಿಂದಿನವರು ತಾವು ಕಣ್ಣಾರೆ ಕಂಡುದನ್ನೇ ಹೇಳಿದರು: ಜಗಳವಾಡಿದವರು ಇಬ್ಬರು, ಸೊರಗಿದುದು ಮೂರನೆಯ ಜೀವ. ನನ್ನ ವಾದವೂ ಇಷ್ಟೇ. ತಾಯಿಯು ಪೆಟ್ಟು ತಿನ್ನುತ್ತಿರುವಾಗ ಮೂಲೆಯಲ್ಲಿ ನಿಂತು ನೋಡುವ ಮಗು ಬರಿಯ ಸಾಕ್ಷಿಯಲ್ಲ; ಪೆಟ್ಟು ತಿಂದವರಲ್ಲಿ ಅದೂ ಒಂದು. ಅಂಥ ಮಗುವನ್ನು ಗುರುತಿಸಿ ಕೈಹಿಡಿಯುವುದು ಶಾಲೆಯ ಕರ್ತವ್ಯಗಳಲ್ಲಿ ಒಂದು.

ಇಲ್ಲಿ ಮಾತು ತಪ್ಪು ದಾರಿಗೆ ಹೋಗದಿರಲೆಂದು ಒಂದು ಭೇದವನ್ನು ಹೇಳಬೇಕಾಗಿದೆ. ಇಬ್ಬರು ಕೂಡಿ ಬಾಳುವ ಯಾವ ಮನೆಯಲ್ಲಿಯೂ ಅಭಿಪ್ರಾಯಭೇದವು ಹುಟ್ಟದೆ ಇರಲಾರದು. ಮಾತಿಗೆ ಮಾತು ಬೆಳೆದು, ಒಬ್ಬರು ತಪ್ಪನ್ನು ಒಪ್ಪಿಕೊಂಡು ಮತ್ತೆ ನಗುವುದನ್ನು ಮಕ್ಕಳು ನೋಡಿದರೆ ಅದರಿಂದ ಅವರಿಗೆ ಕೇಡಿಲ್ಲ. ಕೋಪವು ಬಂದು ಹೋಗುವ ವಸ್ತುವೆಂಬ ತಿಳಿವಳಿಕೆಯೇ ಅವರಿಗೆ ಉಂಟಾಗುವುದು. ಮನೆಯೊಳಗಿನ ಹಿಂಸೆಯೆಂಬುದು ಜಗಳವಲ್ಲ. ಒಬ್ಬರು ಇನ್ನೊಬ್ಬರನ್ನು ಹೆದರಿಕೆಯಿಂದ ಆಳುವುದೇ ಹಿಂಸೆ. ಅಲ್ಲಿ ಹೊಡೆತವು ದಿನವೂ ಬೀಳಬೇಕೆಂದಿಲ್ಲ. ಒಮ್ಮೆ ಬಿದ್ದ ಏಟಿನ ನೆನಪು, ಬಾಗಿಲಲ್ಲಿ ಕೇಳಿಸುವ ಚಪ್ಪಲಿಯ ಸದ್ದು, ಒಗೆದ ತಟ್ಟೆ, ಒಂದು ನೋಟ, ಇಷ್ಟೇ ಸಾಕು. ಮನೆಯವರೆಲ್ಲರೂ ಉಸಿರು ಹಿಡಿದುಕೊಳ್ಳುವರು.

ನಮ್ಮ ದೇಶದ ಕಾನೂನು ಈ ಭೇದವನ್ನು ಚೆನ್ನಾಗಿ ಅರಿತುಕೊಂಡಿದೆ. ೨೦೦೫ರಲ್ಲಿ ಪಾರ್ಲಿಮೆಂಟಿನಲ್ಲಿ ಅಂಗೀಕೃತವಾಗಿ ೨೦೦೬ನೆಯ ಅಕ್ಟೋಬರ್ ೨೬ರಿಂದ ಜಾರಿಗೆ ಬಂದ, ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರನ್ನು ರಕ್ಷಿಸುವ ಕಾಯಿದೆಯು ದೈಹಿಕ ಹಿಂಸೆಯ ಜತೆಗೆ ಲೈಂಗಿಕ ಹಿಂಸೆಯನ್ನೂ, ಮಾತಿನಿಂದಲೂ ಮನಸ್ಸಿಗೆ ಆಗುವ ನೋವಿನಿಂದಲೂ ಕೊಡುವ ಹಿಂಸೆಯನ್ನೂ, ಹಣದ ಮೂಲಕ ಮಾಡುವ ಹಿಂಸೆಯನ್ನೂ ಹೆಸರಿಸುತ್ತದೆ. ಮನೆಯ ಖರ್ಚಿಗೆ ಕೊಡದಿರುವುದು, ಸ್ತ್ರೀಧನವನ್ನು ಮಾರಿಬಿಡುವುದು ಇವೂ ಅದರ ದೃಷ್ಟಿಯಲ್ಲಿ ದೌರ್ಜನ್ಯವೇ. ಮಕ್ಕಳಾಗಲಿಲ್ಲವೆಂದೋ ಗಂಡುಮಗು ಹುಟ್ಟಲಿಲ್ಲವೆಂದೋ ಹೆಂಗಸನ್ನು ಹೀಯಾಳಿಸುವುದನ್ನು ಆ ಕಾಯಿದೆಯು ವಿಶೇಷವಾಗಿ ಎತ್ತಿ ಹೇಳಿದೆ. ಬಾಲಿಕೆಯರ ಶಾಲೆಯವರಾದ ನಾವು ಈ ಕೊನೆಯ ಮಾತಿನ ಮುಂದೆ ಸ್ವಲ್ಪ ನಿಲ್ಲಬೇಕು. “ಮೂರೂ ಹೆಣ್ಣೇ ಹೆತ್ತೆ” ಎಂದು ತಾಯಿಯನ್ನು ಬೈಯುವಾಗ ಆ ಮೂರು ಹೆಣ್ಣುಗಳೂ ಅಲ್ಲಿಯೇ ಇರುವರಲ್ಲವೆ? ತಾನು ಹುಟ್ಟಿದುದೇ ತನ್ನ ತಾಯಿಯ ಅಪರಾಧವೆಂದು ತಿಳಿದು ಬೆಳೆಯುವ ಹುಡುಗಿಯ ಮೈಮೇಲೆ ಯಾರ ಕೈಯೂ ಬಿದ್ದಿಲ್ಲ; ಆದರೂ ಆಕೆಗೆ ಹಿಂಸೆಯಾಗಿಲ್ಲವೆಂದು ಹೇಳಲು ಯಾರಿಗೆ ಬಾಯಿ ಬಂದೀತು?

ಇದು ಎಲ್ಲೋ ಕೆಲವು ಮನೆಗಳ ಮಾತೆಂದು ವಾಚಕರು ಎಣಿಸಬಾರದು. ೨೦೧೯ರಿಂದ ೨೦೨೧ರ ವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಹದಿನೆಂಟರಿಂದ ನಾಲ್ವತ್ತೊಂಬತ್ತು ವರ್ಷದೊಳಗಿನ ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆಯನ್ನು ಅನುಭವಿಸಿದವರು ಭಾರತದಲ್ಲಿ ಶೇಕಡಾ ೨೯ ಮಂದಿ. ನಮ್ಮ ಕರ್ನಾಟಕದಲ್ಲಿ ಶೇಕಡಾ ೪೪ ಮಂದಿ. ರಾಜ್ಯಗಳಲ್ಲೆಲ್ಲ ಇದೇ ಹೆಚ್ಚಿನದು. ವಿದ್ಯೆಯಲ್ಲಿಯೂ ಉದ್ಯಮದಲ್ಲಿಯೂ ಮುಂದೆ ನಿಂತಿರುವೆವೆಂದು ಹೆಮ್ಮೆಪಡುವ ನಾಡಿಗೆ ಇದು ತಲೆತಗ್ಗಿಸುವ ಸಂಗತಿ. ಇಡೀ ಪ್ರಪಂಚದಲ್ಲಿ ಐದು ವರ್ಷಕ್ಕೆ ಕಡಿಮೆಯಾದ ಮಕ್ಕಳೊಳಗೆ ನಾಲ್ಕರಲ್ಲಿ ಒಂದು, ಎಂದರೆ ಸುಮಾರು ೧೭ ಕೋಟಿ ೭೦ ಲಕ್ಷ ಮಕ್ಕಳು, ಇಂಥ ಹಿಂಸೆಗೆ ಗುರಿಯಾದ ತಾಯಂದಿರ ಸಂಗಡ ವಾಸಿಸುತ್ತಿದ್ದಾರೆಂದು ವಿಶ್ವಸಂಸ್ಥೆಯ ಮಕ್ಕಳ ನಿಧಿಯವರು ೨೦೧೭ರಲ್ಲಿ ಲೆಕ್ಕ ಹಾಕಿದರು. ಇವುಗಳನ್ನು ಓದಿದ ಮೇಲೆ ಯಾವ ಉಪಾಧ್ಯಾಯಿನಿಯೂ “ನನ್ನ ತರಗತಿಯಲ್ಲಿ ಅಂಥ ಮಗು ಇಲ್ಲ” ಎಂದು ಧೈರ್ಯವಾಗಿ ಹೇಳುವಂತಿಲ್ಲ.

ಇನ್ನು ಈ ಹಿಂಸೆಯು ಮಕ್ಕಳ ಮೇಲೆ ಯಾವ ಪ್ರಕಾರವಾಗಿ ಪರಿಣಾಮ ಮಾಡುವುದೆಂಬುದನ್ನು ನೋಡೋಣ. ಹಸುಗೂಸಿಗೆ ಏನೂ ತಿಳಿಯದೆಂಬುದು ಸಾಮಾನ್ಯ ನಂಬಿಕೆ. ಆದರೆ ಕೂಸಿಗೆ ಮಾತಿನ ಅರ್ಥವು ತಿಳಿಯದಿದ್ದರೂ ಧ್ವನಿಯ ಅರ್ಥವು ತಿಳಿಯುತ್ತದೆ. ಕಿರಿಚಾಟವಾದಾಗ ಅದು ಬೆಚ್ಚಿಬೀಳುವುದು, ಹಾಲು ಕುಡಿಯದು, ನಿದ್ರೆ ಮಾಡದು, ಎತ್ತಿಕೊಂಡರೂ ಸುಮ್ಮನಾಗದು. ಕೂಸನ್ನು ಸಂತೈಸಬೇಕಾದ ತಾಯಿಯೇ ನಡುಗುತ್ತಿರುವಾಗ ಅದಕ್ಕೆ ಬೇರೆ ಆಶ್ರಯವೆಲ್ಲಿ? ಮೂರು ನಾಲ್ಕು ವರ್ಷದ ಮಗುವಾದರೆ ಕಲಿತ ಮಾತನ್ನೂ ಕೆಲವೊಮ್ಮೆ ಮರೆಯುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸಕ್ಕೆ ಹಿಂದಿರುಗುವುದು, ತಾಯಿಯ ಸೆರಗನ್ನು ಬಿಡದಾಗುವುದು. ಆ ವಯಸ್ಸಿನಲ್ಲಿ ಲೋಕದಲ್ಲಿ ನಡೆಯುವುದೆಲ್ಲ ತನ್ನಿಂದಲೇ ಆಗುವುದೆಂದು ಮಗು ತಿಳಿಯುತ್ತದೆ. ಆದಕಾರಣ ಅಪ್ಪನು ಅಮ್ಮನನ್ನು ಹೊಡೆದರೆ, ತಾನು ಹಾಲು ಚೆಲ್ಲಿದುದರಿಂದಲೇ ಹೀಗಾಯಿತೆಂದು ಅದು ನಿಶ್ಚಯಿಸಿಕೊಳ್ಳುವುದು. ಆ ತಪ್ಪು ನಿಶ್ಚಯವನ್ನು ತಿದ್ದುವವರಿಲ್ಲದೆ ಹೋದರೆ ಅದು ಮಗುವಿನ ಸಂಗಡಲೇ ಬೆಳೆಯುವುದು.

ಶಾಲೆಗೆ ಹೋಗುವ ವಯಸ್ಸಿನ ಮಗು ಮನೆಯ ಕಾವಲುಗಾರನಾಗುತ್ತದೆ. ಅಪ್ಪನ ಮುಖ ಇಂದು ಹೇಗಿದೆ, ಕುಡಿದಿದ್ದಾನೆಯೆ, ಅಮ್ಮ ಏಕೆ ಮಾತಾಡುತ್ತಿಲ್ಲ ಎಂದು ನೋಡುವುದೇ ಅದರ ಮುಖ್ಯ ಪಾಠವಾಗುವುದು. ಚಿಕ್ಕ ತಮ್ಮ ತಂಗಿಯರನ್ನು ಒಳಕೋಣೆಗೆ ಕರೆದೊಯ್ದು ಕಿವಿ ಮುಚ್ಚುವ ಕೆಲಸವು ಹಿರಿಯ ಮಗಳಿಗೆ ಬೀಳುವುದು. ಹತ್ತು ವರ್ಷದ ಹುಡುಗಿಯು ನಡುವೆ ಬಂದು ತಾಯಿಯ ಮೇಲೆ ಬೀಳುವ ಏಟನ್ನು ತಾನು ಹೊರುವುದೂ ಉಂಟು. ಹದಿಹರೆಯದವರ ಕಷ್ಟವು ಬೇರೊಂದು ಬಗೆಯದು. ಅವರಿಗೆ ಕೋಪವು ತಂದೆಯ ಮೇಲೆ ಮಾತ್ರವಲ್ಲ, ಸಹಿಸಿಕೊಂಡಿರುವ ತಾಯಿಯ ಮೇಲೆಯೂ ಬರುವುದು. ಬಂದ ಕೋಪಕ್ಕಾಗಿ ನಾಚಿಕೆಯೂ ಆಗುವುದು. ಗೆಳತಿಯರನ್ನು ಮನೆಗೆ ಕರೆಯಲಾರರು. ಕೆಲವರು ಮನೆ ಬಿಟ್ಟು ಓಡಿಹೋಗುವ ಯೋಚನೆ ಮಾಡುವರು. ಕೆಲವು ಹುಡುಗಿಯರು, ಹೇಗಾದರೂ ಈ ಮನೆಯಿಂದ ಹೊರಟರೆ ಸಾಕೆಂದು, ಓದನ್ನು ಬಿಟ್ಟು ಮೊದಲು ಬಂದ ಸಂಬಂಧಕ್ಕೆ ತಲೆಯಾಡಿಸುವರು. ಒಂದು ಬೆಂಕಿಯಿಂದ ತಪ್ಪಿಸಿಕೊಳ್ಳುವ ಆತುರದಲ್ಲಿ ಇನ್ನೊಂದಕ್ಕೆ ಬೀಳುವುದು ಹೀಗೆಯೇ.

ಇದಿಷ್ಟೂ ಮನಸ್ಸಿನ ಮಾತಾಯಿತು. ದೇಹವೂ ಇದನ್ನು ಮರೆಯುವುದಿಲ್ಲ. ಹೆದರಿಕೆಯಾದಾಗ ಎದೆ ಬಡಿದುಕೊಳ್ಳುವುದೂ ಮೈ ಬಿಗಿಯುವುದೂ ಪ್ರಾಣಿಯನ್ನು ಅಪಾಯದಿಂದ ಪಾರುಮಾಡುವುದಕ್ಕಾಗಿ ಇರುವ ಏರ್ಪಾಟು. ಅಪಾಯವು ಕಳೆದ ಮೇಲೆ ಅದು ಶಾಂತವಾಗಬೇಕು. ಅಪಾಯವು ಮನೆಯೊಳಗೇ ವಾಸವಾಗಿದ್ದರೆ ಅದು ಶಾಂತವಾಗುವುದು ಯಾವಾಗ? ಹಾಗೆ ಎಡೆಬಿಡದ ಹೆದರಿಕೆಯು ಬೆಳೆಯುತ್ತಿರುವ ಮೆದುಳಿಗೂ ಶರೀರಕ್ಕೂ ಹಾನಿಯನ್ನು ಮಾಡುವುದೆಂದು ವೈದ್ಯರು ಹೇಳುತ್ತಾರೆ. ಅಮೆರಿಕಾ ದೇಶದ ಸ್ಯಾನ್ ಡಿಯಾಗೋ ನಗರದಲ್ಲಿ ಡಾಕ್ಟರ್ ವಿನ್ಸೆಂಟ್ ಫೆಲಿಟಿ ಮತ್ತು ಡಾಕ್ಟರ್ ರಾಬರ್ಟ್ ಆಂಡಾ ಎಂಬವರು ಒಂಬತ್ತು ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಕಷ್ಟಗಳ ವಿಷಯವಾಗಿ ವಿಚಾರಿಸಿ ೧೯೯೮ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಅವರು ಎಣಿಸಿದ ಕಷ್ಟಗಳಲ್ಲಿ ತಾಯಿಯನ್ನು ಹೊಡೆಯುವುದನ್ನು ನೋಡಿದುದೂ ಒಂದು. ಇಂಥ ಕಷ್ಟಗಳ ಸಂಖ್ಯೆಯು ಹೆಚ್ಚಿದಷ್ಟೂ ದೊಡ್ಡವರಾದ ಮೇಲೆ ಕುಡಿತ, ಖಿನ್ನತೆ, ಆತ್ಮಹತ್ಯೆಯ ಯತ್ನ ಇವುಗಳೂ, ಹೃದಯರೋಗದಂಥ ವ್ಯಾಧಿಗಳೂ ಹೆಚ್ಚುತ್ತ ಹೋದುದನ್ನು ಅವರು ಕಂಡರು. ಎಳೆಯದರಲ್ಲಿ ಬಿದ್ದ ಪೆಟ್ಟಿನ ಗುರುತು ಐವತ್ತನೆಯ ವರ್ಷದಲ್ಲಿಯೂ ಕಾಣಬಹುದೆಂದಾಯಿತು.

ಇಂಥ ಮಗುವು ತರಗತಿಯಲ್ಲಿ ಹೇಗೆ ಕಾಣಿಸುತ್ತದೆ? ಇದೇ ನಮಗೆ ಬಹು ಮುಖ್ಯವಾದ ಪ್ರಶ್ನೆ. ಅದು ಹಣೆಯ ಮೇಲೆ ಚೀಟಿ ಅಂಟಿಸಿಕೊಂಡು ಬರುವುದಿಲ್ಲ. ರಾತ್ರಿಯೆಲ್ಲ ಎಚ್ಚರವಾಗಿದ್ದ ಹುಡುಗಿಯು ಮೊದಲನೆಯ ಪೀರಿಯಡ್ಡಿನಲ್ಲಿ ತೂಕಡಿಸುತ್ತಾಳೆ. ನಾವು ಆಕೆಯನ್ನು ಸೋಮಾರಿಯೆನ್ನುತ್ತೇವೆ. ಮನೆಪಾಠ ಬರೆದಿಲ್ಲ, ಉದಾಸೀನಳೆನ್ನುತ್ತೇವೆ. ಪಕ್ಕದವಳು ಪುಸ್ತಕವನ್ನು ಕೆಳಗೆ ಬೀಳಿಸಿದರೆ ಬೆಚ್ಚುತ್ತಾಳೆ, ಪುಕ್ಕಲಳೆನ್ನುತ್ತೇವೆ. ಕ್ಷುಲ್ಲಕ ಕಾರಣಕ್ಕೆ ಇನ್ನೊಬ್ಬಳ ಮೇಲೆ ಕೈಮಾಡುತ್ತಾಳೆ, ಪುಂಡಳೆನ್ನುತ್ತೇವೆ. ಪದೇ ಪದೇ ಹೊಟ್ಟೆನೋವು ತಲೆನೋವು ಎನ್ನುತ್ತಾಳೆ, ನೆಪವೆನ್ನುತ್ತೇವೆ. ಶನಿವಾರ ಗಂಟೆ ಹೊಡೆದ ಮೇಲೆಯೂ ಮನೆಗೆ ಹೋಗದೆ ಅಂಗಳದಲ್ಲಿ ಅಲೆಯುವವಳನ್ನೂ, ಬೇಸಗೆಯ ರಜೆಯ ಮಾತೆತ್ತಿದೊಡನೆ ಸಪ್ಪಗಾಗುವ ವಿದ್ಯಾರ್ಥಿನಿ ನಿಲಯದ ಹುಡುಗಿಯನ್ನೂ ಗಮನಿಸುವವರು ಅಪರೂಪ. ಇನ್ನೊಂದು ಬಗೆಯವಳೂ ಇದ್ದಾಳೆ: ಎಂದೂ ತಪ್ಪು ಮಾಡದವಳು, ಎಂದೂ ಎದುರಾಡದವಳು, ಎಲ್ಲರನ್ನೂ ಸಂತೋಷಪಡಿಸಲು ಹೆಣಗುವವಳು. ಅವಳಿಗೆ ನಾವು ಸದ್ವರ್ತನೆಯ ಬಹುಮಾನವನ್ನು ಕೊಡುತ್ತೇವೆ. ಅವಳ ಸದ್ವರ್ತನೆಗೆ ಕಾರಣವು ಸಂತೋಷವೋ ಭಯವೋ ಎಂದು ಕೇಳುವುದಿಲ್ಲ. ಈ ಲಕ್ಷಣಗಳಲ್ಲಿ ಯಾವುದೊಂದೂ ತಾನೇ ತಾನಾಗಿ ಹಿಂಸೆಯನ್ನು ಸಾಧಿಸಿಕೊಡುವುದಿಲ್ಲವೆಂಬುದು ನಿಜ. ಆದರೆ ಶಿಕ್ಷೆಯನ್ನು ಕೊಡುವ ಮೊದಲು “ಏನಾಯಿತಮ್ಮಾ?” ಎಂದು ಕೇಳುವುದಕ್ಕೆ ಅಷ್ಟು ಕಾರಣ ಸಾಲದೆ?

ಹೀಗೆ ಹೇಳಿದಾಗ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ಮೊದಲನೆಯದು, ಮನೆಯ ವಿಷಯದಲ್ಲಿ ಹೊರಗಿನವರು ಕೈಹಾಕಬಾರದೆಂಬುದು. ಮನೆಯ ಮಾನವನ್ನು ಬೀದಿಗೆ ಎಳೆಯಬಾರದೆಂಬುದು ಸಭ್ಯರ ಧರ್ಮವೇ. ಆದರೆ ನೆರೆಮನೆಗೆ ಬೆಂಕಿ ಬಿದ್ದರೆ ನಾವು ಯಾರ ಅಪ್ಪಣೆಗೂ ಕಾಯುವುದಿಲ್ಲವಷ್ಟೆ. ಮಾನವೆಂಬುದು ಹೊಡೆಸಿಕೊಂಡವರು ಬಾಯಿ ಮುಚ್ಚಿಕೊಂಡಿರುವುದರಿಂದ ಉಳಿಯುವುದಿಲ್ಲ. ಹೊಡೆಯುವವನು ಕೈ ತಡೆದುಕೊಳ್ಳುವುದರಿಂದ ಉಳಿಯುವುದು. ಎರಡನೆಯದು, ಕುಡಿತವೇ ಇದಕ್ಕೆಲ್ಲ ಕಾರಣ, ಮನುಷ್ಯನು ಕೆಟ್ಟವನಲ್ಲವೆಂಬುದು. ಕುಡಿತವು ಈ ಬೆಂಕಿಗೆ ಎಣ್ಣೆಯೆಂಬುದರಲ್ಲಿ ಸಂದೇಹವಿಲ್ಲ. ಆದರೂ ಕುಡಿದವನು ತನ್ನ ಮೇಲಧಿಕಾರಿಯನ್ನು ಹೊಡೆಯುವುದಿಲ್ಲ, ಪೋಲೀಸಿನವನನ್ನು ಹೊಡೆಯುವುದಿಲ್ಲ. ಮನೆಗೆ ಬಂದು ಹೆಂಡತಿಯನ್ನು ಹೊಡೆಯುತ್ತಾನೆ. ಯಾರನ್ನು ಹೊಡೆಯಬಹುದೆಂಬ ಲೆಕ್ಕವು ಅಮಲಿನಲ್ಲಿಯೂ ತಪ್ಪುವುದಿಲ್ಲ. ಕುಡಿಯದ, ಓದಿದ, ಊರಿನಲ್ಲಿ ಗೌರವಸ್ಥರೆನ್ನಿಸಿಕೊಂಡವರ ಮನೆಗಳಲ್ಲಿಯೂ ಇದು ನಡೆಯುತ್ತದೆ.

ಮೂರನೆಯ ಆಕ್ಷೇಪವು ಎಲ್ಲಕ್ಕಿಂತಲೂ ಬಲವಾದುದು: ತಾಯಿಯು ಮಕ್ಕಳ ಮುಖ ನೋಡಿಕೊಂಡು ಸಹಿಸಬೇಕು, ತಂದೆಯಿಲ್ಲದ ಮಕ್ಕಳ ಗತಿ ಏನು ಎಂಬುದು. ಈ ಉಪದೇಶವನ್ನು ಮಾಡುವವರಲ್ಲಿ ಅನೇಕರು ಒಳ್ಳೆಯ ಮನಸ್ಸಿನವರು. ತಾಯಿಗೆ ಹೋಗಲು ಸ್ಥಳವಿಲ್ಲ, ಕೈಯಲ್ಲಿ ಕಾಸಿಲ್ಲ, ಮಕ್ಕಳ ಶಾಲೆ ತಪ್ಪುವುದು ಎಂಬ ಕಷ್ಟಗಳೂ ಸುಳ್ಳಲ್ಲ. ಹೊಡೆಯುವವನನ್ನು ಬಿಟ್ಟು ಹೊರಡುವ ಕಾಲವೇ ಹೆಂಗಸಿಗೆ ಅತ್ಯಂತ ಅಪಾಯದ ಕಾಲವೆಂಬುದನ್ನೂ ಮರೆಯಬಾರದು. ಆದಕಾರಣ “ಬಿಟ್ಟು ಬಾ” ಎಂದು ಸುಲಭವಾಗಿ ಹೇಳುವುದೂ ಸರಿಯಲ್ಲ. ಆದರೆ ಮಕ್ಕಳ ಹೆಸರಿನಲ್ಲಿ ಈ ಉಪದೇಶವನ್ನು ಮಾಡುವುದು ನ್ಯಾಯವಲ್ಲ. ಮಕ್ಕಳಿಗೆ ಬೇಕಾದುದು ತಂದೆಯ ಹೆಸರಲ್ಲ, ಹೆದರಿಕೆಯಿಲ್ಲದ ರಾತ್ರಿ. ತಾಯಿಯ ಸಹನೆಯಿಂದ ಮಗಳು ಕಲಿಯುವುದು ಹೆಂಗಸಿನ ಪಾಲು ಸಹಿಸುವುದೇ ಎಂಬುದನ್ನು; ಮಗನು ಕಲಿಯುವುದು ಗಂಡಸಿನ ಪಾಲು ಹೊಡೆಯುವುದೇ ಎಂಬುದನ್ನು. ತನ್ನ ತಂದೆಯು ತಾಯಿಯನ್ನು ಹೊಡೆಯುತ್ತಿದ್ದುದನ್ನು ನೋಡಿ ಬೆಳೆದ ಹೆಂಗಸರು ತಮ್ಮ ಸಂಸಾರದಲ್ಲಿಯೂ ಹಿಂಸೆಗೆ ಗುರಿಯಾಗುವುದು ಉಳಿದವರಿಗಿಂತ ಹೆಚ್ಚೆಂದು ನಮ್ಮ ದೇಶದ ಸಮೀಕ್ಷೆಗಳೇ ತೋರಿಸಿಕೊಟ್ಟಿವೆ.

ಮನೆಯ ಬಾಗಿಲು ಮಗುವಿನ ರಕ್ಷಣೆಗೆ ಅಡ್ಡಿಯಾಗಬಾರದೆಂಬ ತಿಳಿವಳಿಕೆಯು ಜಗತ್ತಿನಲ್ಲಿ ತಡವಾಗಿ ಹುಟ್ಟಿತು. ೧೮೭೪ರಲ್ಲಿ ನ್ಯೂಯಾರ್ಕ್ ನಗರದ ಬಡವರ ಕೇರಿಗಳಲ್ಲಿ ಸೇವೆಮಾಡುತ್ತಿದ್ದ ಎಟಾ ವ್ಹೀಲರ್ ಎಂಬ ಮಿಷನ್ ಸೇವಕಿಗೆ, ಮೇರಿ ಎಲನ್ ಎಂಬ ಹುಡುಗಿಯನ್ನು ಸಾಕುತಾಯಿಯು ದಿನವೂ ಹೊಡೆಯುತ್ತಿರುವಳೆಂದು ನೆರೆಯವರಿಂದ ತಿಳಿಯಿತು. ಆಕೆ ಸಹಾಯವನ್ನು ಬೇಡಿದ ಕಡೆಯಲ್ಲೆಲ್ಲ ನಿರಾಶೆಯೇ ಕಾದಿತ್ತು. ಪ್ರಾಣಿಗಳಿಗೆ ಕ್ರೌರ್ಯವಾಗದಂತೆ ತಡೆಯುವ ಸಂಘವು ಆ ದೇಶದಲ್ಲಿ ೧೮೬೬ರಿಂದಲೇ ಇತ್ತು. ಮಕ್ಕಳಿಗಾಗಿ ಅಂಥದು ಇರಲಿಲ್ಲ. ಕೊನೆಗೆ ಆಕೆ ಪ್ರಾಣಿದಯಾಸಂಘದ ಸ್ಥಾಪಕರಾದ ಹೆನ್ರಿ ಬರ್ಗ್ ಎಂಬವರ ಬಳಿಗೇ ಹೋದಳು. ಅವರ ಸಹಾಯದಿಂದ ವಿಷಯವು ನ್ಯಾಯಾಧೀಶರ ಮುಂದೆ ಬಂದು ಮಗುವಿನ ಬಿಡುಗಡೆಯಾಯಿತು, ಸಾಕುತಾಯಿಗೆ ಸೆರೆಯಾಯಿತು. ಅದೇ ವರ್ಷದ ಕೊನೆಯಲ್ಲಿ ಮಕ್ಕಳ ರಕ್ಷಣೆಯ ಸಂಘವೊಂದು ಆ ನಗರದಲ್ಲಿ ಹುಟ್ಟಿತು. ಹದಿನೈದು ವರ್ಷಗಳ ಮೇಲೆ, ೧೮೮೯ರಲ್ಲಿ, ಇಂಗ್ಲೆಂಡಿನಲ್ಲಿ ಮಕ್ಕಳ ಮೇಲಿನ ಕ್ರೌರ್ಯವನ್ನು ತಡೆಯುವ ಕಾನೂನಾಯಿತು. ಇಷ್ಟಕ್ಕೂ ಮೂಲವಾದುದು, ಅದು ಅವರ ಮನೆಯ ವಿಷಯವೆಂದು ತಿರುಗಿ ಹೋಗದ ಒಬ್ಬ ಹೆಂಗಸಿನ ಹಟ.

ಆದರೆ ನಾವು ಅನ್ಯರನ್ನು ದೂರುವ ಮೊದಲು ಶಾಲೆಗಳಲ್ಲಿ ರೂಢಿಯಾಗಿರುವ ಕೆಲವು ಪದ್ಧತಿಗಳನ್ನು ಪರೀಕ್ಷಿಸಬೇಕು. ಹುಡುಗಿಯು ತಪ್ಪು ಮಾಡಿದೊಡನೆ “ನಾಳೆ ನಿಮ್ಮ ತಂದೆಯನ್ನು ಕರೆದುಕೊಂಡು ಬಾ” ಎನ್ನುವುದು ಎಲ್ಲ ಕಡೆಯೂ ಇರುವ ವಾಡಿಕೆ. ಶಾಂತವಾದ ಮನೆಯಲ್ಲಿ ಅದರಿಂದ ಒಂದು ಬುದ್ಧಿಮಾತು ಹೊರಡುವುದು. ಹಿಂಸೆಯ ಮನೆಯಲ್ಲಿ ಅದರಿಂದ ಏನು ಹೊರಡುವುದೆಂದು ಯೋಚಿಸಿರುವೆವೆ? “ಮಗಳನ್ನು ಹೀಗೆ ಬೆಳೆಸಿದ್ದೀಯೆ” ಎಂದು ಆ ರಾತ್ರಿ ತಾಯಿಗೆ ಏಟು ಬೀಳಬಹುದು. ಆ ಏಟಿಗೆ ತಾನೇ ಕಾರಣಳೆಂದು ಹುಡುಗಿಯು ಕೊರಗಬಹುದು. ಅಂಕಪಟ್ಟಿಗೆ ಕಡ್ಡಾಯವಾಗಿ ತಂದೆಯ ಸಹಿಯನ್ನೇ ಕೇಳುವುದು, ಫೀಸು ತಂದಿಲ್ಲವೆಂದು ಎಲ್ಲರ ಮುಂದೆ ನಿಲ್ಲಿಸುವುದು ಇವೂ ಅದೇ ಬಗೆಯವು. ಇನ್ನು ಬೆತ್ತದ ಮಾತು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆಯು ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಪೀಡಿಸುವುದನ್ನೂ ನಿಷೇಧಿಸಿದೆ. ಹಾಗಿದ್ದರೂ ಹೊಡೆಯದೆ ವಿದ್ಯೆ ಬಾರದೆಂಬ ನಂಬಿಕೆಯು ಪೂರ್ತಿ ಅಳಿದಿಲ್ಲ. ಬಲವುಳ್ಳವರು ಬಲವಿಲ್ಲದವರನ್ನು ಹೊಡೆಯಬಹುದೆಂದು ಮನೆಯು ಕಲಿಸಿದ ಪಾಠವನ್ನೇ ಶಾಲೆಯೂ ಕಲಿಸಿದರೆ, ಆ ಮಗುವು ಬೇರೆ ಪಾಠವನ್ನು ಕಲಿಯುವುದು ಎಲ್ಲಿ?

ಹಾಗಾದರೆ ಶಾಲೆಯು ಮಾಡತಕ್ಕದ್ದೇನು? ಮೊದಲನೆಯದಾಗಿ ಕೇಳುವುದು. ಏಕಾಂತದಲ್ಲಿ, ಅವಸರವಿಲ್ಲದೆ, ನ್ಯಾಯಸ್ಥಾನದ ವಕೀಲರಂತೆ ಪ್ರಶ್ನೆಗಳ ಮಳೆಗರೆಯದೆ ಕೇಳುವುದು. ಹುಡುಗಿಯು ಹೇಳಿದುದನ್ನು ನಂಬುವುದು. “ನಿನ್ನ ತಪ್ಪಲ್ಲ” ಎಂದು ಸ್ಪಷ್ಟವಾಗಿ ಹೇಳುವುದು. “ಯಾರಿಗೂ ಹೇಳುವುದಿಲ್ಲ” ಎಂದು ನಡೆಸಲಾಗದ ಭಾಷೆಯನ್ನು ಕೊಡದಿರುವುದು. “ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ನಿನಗೆ ತಿಳಿಸಿಯೇ ಹೇಳುತ್ತೇನೆ” ಎನ್ನುವುದು. ಎರಡನೆಯದಾಗಿ, ಉಪಾಧ್ಯಾಯಿನಿಯು ತಾನೊಬ್ಬಳೇ ತಂದೆಯ ಬಳಿಗೆ ಹೋಗಿ ಬುದ್ಧಿ ಹೇಳುವ ಸಾಹಸವನ್ನು ಮಾಡಬಾರದು; ಅದರ ಬೆಲೆಯನ್ನು ತಾಯಿಯೂ ಮಗುವೂ ತೆರಬೇಕಾದೀತು. ಮುಖ್ಯೋಪಾಧ್ಯಾಯಿನಿಯವರಿಗೆ ತಿಳಿಸಿ, ತಾಯಿಯೊಡನೆ ಗುಟ್ಟಾಗಿ ಮಾತನಾಡುವ ಸಂದರ್ಭವನ್ನು ಕಲ್ಪಿಸಬೇಕು. ಮೂರನೆಯದಾಗಿ, ನಡುವೆ ಹೋಗಿ ಅಡ್ಡ ನಿಲ್ಲಬಾರದೆಂದೂ, ಹೊಡೆತ ಆರಂಭವಾದರೆ ತಮ್ಮ ತಂಗಿಯರೊಡನೆ ಯಾರ ಮನೆಗೆ ಓಡಬೇಕು, ಯಾವ ಸಂಖ್ಯೆಗೆ ಟೆಲಿಫೋನು ಮಾಡಬೇಕೆಂದೂ ಮಗುವಿಗೆ ಹೇಳಿಕೊಡಬೇಕು. ಮಕ್ಕಳಿಗಾಗಿ ೧೦೯೮, ಹೆಂಗಸರಿಗಾಗಿ ೧೮೧, ತುರ್ತಿನ ಸಮಯಕ್ಕೆ ೧೧೨. ಇವುಗಳಲ್ಲಿ ೧೦೯೮ ಎಂಬುದು ೧೯೯೬ರಲ್ಲಿ ಮುಂಬಯಿಯಲ್ಲಿ ಮೊದಲಾಗಿ ದೇಶದಲ್ಲೆಲ್ಲ ಹಬ್ಬಿತು. ಈಗ ಸರಕಾರವೇ ಅದನ್ನು ನಡೆಸುತ್ತಿದೆ. ಹಗಲು ರಾತ್ರಿ, ಕಾಸಿಲ್ಲದೆ ಮಾತನಾಡಬಹುದು. ಮಗ್ಗಿಯನ್ನು ಬಾಯಿಪಾಠ ಮಾಡಿಸುವ ನಾವು ಈ ಮೂರು ಸಂಖ್ಯೆಗಳನ್ನೂ ಬಾಯಿಪಾಠ ಮಾಡಿಸಿದರೆ ನಷ್ಟವೇನು?

ಕಾನೂನಿನ ಸಹಾಯವೂ ಉಂಟು. ಮೇಲೆ ಹೇಳಿದ ೨೦೦೫ರ ಕಾಯಿದೆಯ ಪ್ರಕಾರ, ದೌರ್ಜನ್ಯ ನಡೆಯುತ್ತಿದೆಯೆಂದು ನಂಬಲು ಕಾರಣವುಳ್ಳ ಯಾರೇ ಆಗಲಿ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ. ಮೇಜಿಸ್ಟ್ರೇಟರು ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲನೆಯ ವಿಚಾರಣೆಯನ್ನು ಇಡಬೇಕು. ಅರುವತ್ತು ದಿನಗಳಲ್ಲಿ ಅರ್ಜಿಯನ್ನು ಮುಗಿಸಲು ಯತ್ನಿಸಬೇಕು. ಹಿಂಸೆಯನ್ನು ನಿಲ್ಲಿಸುವಂತೆಯೂ, ಹೆಂಗಸನ್ನು ಮನೆಯಿಂದ ಹೊರಗೆ ಹಾಕದಂತೆಯೂ, ಖರ್ಚಿಗೆ ಕೊಡುವಂತೆಯೂ, ಮಕ್ಕಳನ್ನು ತಾತ್ಕಾಲಿಕವಾಗಿ ತಾಯಿಯ ವಶದಲ್ಲಿ ಇರಿಸುವಂತೆಯೂ ಅವರು ಆಜ್ಞೆಮಾಡಬಲ್ಲರು. ಮಗುವಿನ ಶಾಲೆಯ ಬಳಿಗೆ ಬರಕೂಡದೆಂದು ತಡೆಯುವ ಅಧಿಕಾರವೂ ಆ ಕಾಯಿದೆಯಲ್ಲಿದೆ. ಮಗುವೇ ಹಿಂಸೆಗೆ ಗುರಿಯಾಗಿದ್ದರೆ ೨೦೧೫ರ ಬಾಲನ್ಯಾಯ ಕಾಯಿದೆಯ ಮೇರೆಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹೋಗಬಹುದು. ಲೈಂಗಿಕ ಅಪರಾಧವಾಗಿದ್ದರಂತೂ, ೨೦೧೨ರ ಕಾಯಿದೆಯ ಪ್ರಕಾರ, ತಿಳಿದವರು ತಿಳಿಸಲೇಬೇಕು, ಸುಮ್ಮನಿರುವುದೇ ಅಪರಾಧ.

ಆದರೂ ನಮ್ಮ ಕಾನೂನಿನಲ್ಲಿ ಇನ್ನೊಂದು ಹೆಜ್ಜೆಯು ಉಳಿದಿದೆಯೆಂದು ನನ್ನ ಅಭಿಪ್ರಾಯ. ೨೦೦೫ರ ಕಾಯಿದೆಯು ಮಹಿಳೆಯನ್ನು ಬಾಧಿತಳೆಂದು ಎಣಿಸಿ, ಮಕ್ಕಳಿಗೆ ಬಹುಮಟ್ಟಿಗೆ ಆಕೆಯ ಮೂಲಕವೇ ಪರಿಹಾರವನ್ನು ಕೊಡುತ್ತದೆ. ಇಂಗ್ಲೆಂಡಿನಲ್ಲಿ ೨೦೨೧ರಲ್ಲಿ ಆದ ಕಾಯಿದೆಯು, ಮನೆಯ ಹಿಂಸೆಯನ್ನು ನೋಡಿದ, ಕೇಳಿದ, ಇಲ್ಲವೆ ಅದರ ಪರಿಣಾಮವನ್ನು ಅನುಭವಿಸಿದ ಮಗುವನ್ನೂ ಹಿಂಸೆಗೆ ಗುರಿಯಾದವರಲ್ಲಿ ಸೇರಿಸಿದೆ. ಕೂಸು ಬಡವಾಯಿತೆಂದು ಎಂದೋ ಹೇಳಿದ ನಮ್ಮ ಗಾದೆಯ ತಿಳಿವಳಿಕೆಯೇ ಇದು. ನಮ್ಮ ನಾಡಿನ ಕಾನೂನಿನಲ್ಲಿಯೂ ಆ ಮಾತು ಸ್ಪಷ್ಟವಾಗಿ ಸೇರಬೇಕು.

ಇಷ್ಟನ್ನು ಓದಿದವರು, ಅಂಥ ಮನೆಯಲ್ಲಿ ಬೆಳೆದವರ ಬಾಳು ಹಾಳೇ ಎಂದು ತಿಳಿದುಬಿಟ್ಟಾರು. ಹಾಗಿಲ್ಲ, ಹಾಗೆ ಹೇಳುವುದು ಆ ಮಕ್ಕಳಿಗೆ ಮಾಡುವ ಇನ್ನೊಂದು ಅನ್ಯಾಯವಾದೀತು. ಹವಾಯಿ ದ್ವೀಪಗಳಲ್ಲೊಂದಾದ ಕೌವಾಯಿಯಲ್ಲಿ ೧೯೫೫ರಲ್ಲಿ ಹುಟ್ಟಿದ ೬೯೮ ಶಿಶುಗಳನ್ನು ಎಮಿ ವರ್ನರ್ ಎಂಬ ವಿದುಷಿಯೂ ಅವರ ಜತೆಗಾರರೂ ದಶಕಗಳ ಕಾಲ ಗಮನಿಸುತ್ತ ಬಂದರು. ಬಡತನ, ತಂದೆತಾಯಿಯರ ಕಲಹ, ಕುಡಿತ ಮುಂತಾದ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿಯೂ ಸುಮಾರು ಮೂರರಲ್ಲೊಂದು ಪಾಲಿನವರು ಸಮರ್ಥರೂ ಸ್ನೇಹಪರರೂ ಆದ ದೊಡ್ಡವರಾಗಿ ಬೆಳೆದರು. ಅವರನ್ನು ಕಾಪಾಡಿದ ಕಾರಣಗಳಲ್ಲಿ ಮುಖ್ಯವಾದುದೊಂದು, ಅಜ್ಜಿಯೋ ನೆರೆಯವಳೋ ಶಿಕ್ಷಕಿಯೋ, ಮಗುವಿನ ಮೇಲೆ ಸ್ಥಿರವಾದ ವಿಶ್ವಾಸವನ್ನಿಟ್ಟ ಒಬ್ಬ ವ್ಯಕ್ತಿ. ಎಷ್ಟು ಸಾಧಾರಣವಾದ ವಸ್ತು ನೋಡಿರಿ! ದೊಡ್ಡ ಕಟ್ಟಡವಲ್ಲ, ಹಣವಲ್ಲ. ದಿನವೂ ಅದೇ ಮುಖ, ಅದೇ ದಯೆ, ತನ್ನ ಹೆಸರು ಹಿಡಿದು ಕರೆಯುವ ಒಂದು ಧ್ವನಿ. ಇದನ್ನು ಕೊಡಲಾರದಷ್ಟು ಬಡ ಶಾಲೆ ನಮ್ಮ ನಾಡಿನಲ್ಲಿ ಯಾವುದೂ ಇಲ್ಲ.

ಕೊನೆಯಲ್ಲಿ ಈ ಸಂಚಿಕೆಯನ್ನು ಓದುವ ಬಾಲಿಕೆಯರಿಗೆ ಎರಡು ಮಾತು. ಪ್ರಿಯ ಮಕ್ಕಳೆ, ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹೀಗಿದ್ದರೆ, ಅದಕ್ಕೆ ನೀವು ಕಾರಣರಲ್ಲ. ಅದನ್ನು ನಿಲ್ಲಿಸುವ ಭಾರವೂ ನಿಮ್ಮದಲ್ಲ. ತಂದೆಯನ್ನು ಪ್ರೀತಿಸುವುದೂ ಆತನ ಕೃತ್ಯವನ್ನು ದ್ವೇಷಿಸುವುದೂ ಒಂದೇ ಮನಸ್ಸಿನಲ್ಲಿ ಇರಬಹುದು; ಅದಕ್ಕಾಗಿ ನಾಚಬೇಡಿರಿ. ಬಾಯಿ ಬಿಡುವುದು ಮನೆತನಕ್ಕೆ ದ್ರೋಹವಲ್ಲ. ನೀವು ನಂಬುವ ಒಬ್ಬರಿಗೆ ಹೇಳಿರಿ. ಅವರು ಕಿವಿಗೊಡದಿದ್ದರೆ ಇನ್ನೊಬ್ಬರಿಗೆ ಹೇಳಿರಿ. ನಿಮ್ಮ ಗೆಳತಿಯು ನಿಮಗೆ ಹೇಳಿದರೆ ಅದನ್ನು ಹರಟೆಯ ವಸ್ತುವಾಗಿ ಮಾಡದೆ, ಅವಳ ಕೈಹಿಡಿದು ಉಪಾಧ್ಯಾಯಿನಿಯ ಬಳಿಗೆ ಕರೆತನ್ನಿರಿ. ಮುಂದೆ ನಿಮಗೆ ವರನನ್ನು ನೋಡುವಾಗ ಅವನ ಸಂಬಳವನ್ನು ಮಾತ್ರ ವಿಚಾರಿಸಬೇಡಿರಿ. ಅವನು ಸಿಟ್ಟು ಬಂದಾಗ ಏನು ಮಾಡುವನೆಂದೂ, ತನ್ನ ತಾಯಿ ತಂಗಿಯರೊಡನೆ ಹೇಗೆ ಮಾತನಾಡುವನೆಂದೂ ವಿಚಾರಿಸಿರಿ. ನಿಮಗೆ ಗಂಡುಮಕ್ಕಳಾದರೆ ಅವರಿಗೆ ಮೊದಲು ಕಲಿಸಬೇಕಾದ ವಿದ್ಯೆಯು ಕೈ ತಡೆದುಕೊಳ್ಳುವ ವಿದ್ಯೆ.

ಪೋಷಕರಿಗೂ ಸಹೋದ್ಯೋಗಿಗಳಿಗೂ ನನ್ನ ವಿಜ್ಞಾಪನೆಯು ಚಿಕ್ಕದು. ನಮ್ಮ ಶಾಲೆಗಳ ಕೀರ್ತಿಯನ್ನು ಪರೀಕ್ಷೆಯ ಫಲಿತಾಂಶಗಳಿಂದ ಅಳೆಯುವುದು ವಾಡಿಕೆ. ಅದು ಇರಲಿ. ಅದರ ಜತೆಗೆ ಇನ್ನೊಂದು ಅಳತೆಯೂ ಇರಲಿ: ರಾತ್ರಿಯೆಲ್ಲ ಹೆದರಿ ಕಳೆದ ಹುಡುಗಿಯು ಬೆಳಿಗ್ಗೆ ನಮ್ಮ 	ಬಾಗಿಲನ್ನು ದಾಟಿದಾಗ, ಇಲ್ಲಿ ಯಾರೂ ನನ್ನನ್ನು ಹೊಡೆಯುವುದಿಲ್ಲ, ಇಲ್ಲಿ ನನ್ನ ಮಾತನ್ನು ಕೇಳುವವರೊಬ್ಬರಿದ್ದಾರೆ ಎಂದು ಅವಳಿಗೆ ಅನ್ನಿಸುವುದೋ ಇಲ್ಲವೋ? ಅನ್ನಿಸುವುದಾದರೆ ಆ ಶಾಲೆಯು ತನ್ನ ಕೆಲಸವನ್ನು ಮಾಡಿದೆ.